ಬದುವಿನ ಮೂಲೆಯಲ್ಲಿ ಅವ್ವ

ನಮ್ಮ ಹೊಲ ಹುಕ್ಕೇರಿಯಿಂದ ನಿಡಸೋಸಿ ಕಡೆ ಹೋಗುವ ದಾರಿಯಲ್ಲಿದೆ. ಬಸ್ಸಿಳಿದು ಹಳ್ಳ ದಾಟಿದರೆ ಸಿಗುತ್ತದೆ. ದೊಡ್ಡದೇನಲ್ಲ, ಆದರೆ ಅದನ್ನು ಅವ್ವ ಒಬ್ಬಳೇ ದುಡಿದು ಕೊಂಡಳು. ಅಪ್ಪ ತೀರಿಕೊಂಡಾಗ ನಮಗೆ ಅಂಗೈಯಗಲ ನೆಲವೂ ಇರಲಿಲ್ಲ. ನಮ್ಮ ಮಂದಿಯಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ, ಕುಳಿತ ಭಂಗಿಯಲ್ಲಿ ಕೂಡಿಸಿ ಮಣ್ಣು ಮಾಡುವುದು ರೂಢಿ. ಹೊಲ ಇಲ್ಲದವರಿಗೆ ಊರಿನ ಜಾಗ. ಅಪ್ಪನಿಗೆ ಊರಿನ ಜಾಗವೇ ಗತಿಯಾಯಿತು. ಅವ್ವ ಅದನ್ನು ಮರೆಯಲಿಲ್ಲ. ಮೂಡಲಗಿ ಕಡೆ ಕಬ್ಬು ಕಡಿಯಲು ಹೋದಳು, ಗೋಕಾಕ ಫಾಲ್ಸ್‌ನಲ್ಲಿ ಮಿಲ್ಲಿನವರ ಮನೆಗಳಲ್ಲಿ ಮುಸುರೆ ತಿಕ್ಕಿದಳು, ಕೊನೆಗೆ ಈ ಹೊಲ ಕೊಂಡಳು. "ನಿಮ್ಮಪ್ಪಗ ಊರಮಂದಿ ಜಾಗಾ ಕೊಟ್ರು. ನಾ ಮಾತ್ರ ನನ್ನ ಹೊಲದಾಗ ಕುಂಡ್ರಾಕಿ ನೋಡ," ಅನ್ನುತ್ತಿದ್ದಳು. ಹಬ್ಬಕ್ಕೆ ಉಡುವ ಸೀರೆಯ ಬಗ್ಗೆ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದಳು.

ಬಾಜೂ ಹೊಲ ಕುರಿ ಕಾಯುವ ಮನೆತನದ ಒಬ್ಬರದು. ರಕ್ತಸಂಬಂಧ ಏನಿಲ್ಲ, ಆದರೂ ನನಗೆ ಅವರು ಕಾಕಾ, ಅವ್ವ ಅವರಿಗೆ ವೈನಿ, ಅಂದರೆ ಅತ್ತಿಗೆ. ಎರಡು ಹೊಲದ ನಡುವೆ ಒಂದು ಬದು. ಆ ಬದು ವರ್ಷ ವರ್ಷಕ್ಕೆ ತೆಳ್ಳಗಾಗುತ್ತಿತ್ತು. ಉಳುವಾಗ ಕಾಕಾನ ರಂಟೆ ಪ್ರತಿಸಲ ಅದರ ಅಂಚು ಕೆರೆದೇ ತಿರುಗುತ್ತಿತ್ತು. ಬಿತ್ತುವ ದಿನ ಬಂತೆಂದರೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ನಿಲ್ಲುವಳು.

"ಏ ಮೈದುನಾ, ಕಣ್ಣ ನಿನ್ನ ಎತ್ತಿಗಿಲ್ಲೋ, ನಿನಗಿಲ್ಲೋ?"

"ಎತ್ತಿಗೆ ಅದಾವ್ರಿ ವೈನಿ. ನನಗ ನಿಮ್ಮ ಬಾಯಿ ಒಂದ ಕಾಣ್ತೈತ್ರಿ!"

ಹೀಗೆ ಹೊತ್ತು ಏರುವವರೆಗೆ ಬೈದಾಡಿಕೊಂಡು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವ್ವ ಅದೇ ಕಾಕಾನನ್ನು ಕರೆದು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಡುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ನಾನು ಗೋಕಾಕದ ಗಂಡನ ಮನೆ ಬಿಟ್ಟು ಬಂದವಳು. ಅಲ್ಲಿ ಸಾಕುಬೇಕಾಗುವಷ್ಟು ಸಹಿಸಿದ್ದೆ. ಇಲ್ಲಿ ನಮ್ಮ ಸ್ವಂತ ನೆಲ ಕಣ್ಣೆದುರಿಗೇ ಹೋಗುತ್ತಿದ್ದರೆ ರೊಟ್ಟಿ ಬೇರೆ ಕೊಡಬೇಕೇ? "ಅವರು ಬದು ತಿಂತಾರ, ನೀ ಅವರಿಗೆ ರೊಟ್ಟಿ ತಿನಸು," ಎಂದರೆ ಅವ್ವ ನಕ್ಕು ಬುತ್ತಿ ಕಟ್ಟುತ್ತಿದ್ದಳು.

ಹಾಸಿಗೆ ಹಿಡಿದ ಮೇಲೆ ಜಾಗವನ್ನೂ ಅವಳೇ ಹೇಳಿದಳು: ಬದುವಿನ ಮೂಲೆ. ಹೊಲದ ನಟ್ಟನಡುವೆ ಬೇಡ, ಬಿತ್ತುವ ನೆಲ ದಂಡವಾಗುತ್ತದೆ. ಬದುವಿಗೆ ಹತ್ತಿಕೊಂಡಿದ್ದರೆ ರಂಟೆ ಅಲ್ಲಿಗೆ ಬರುವುದಿಲ್ಲ. ಸಾಯುವಾಗಲೂ ಒಂದು ಸಾಲು ಜೋಳದ ಚಿಂತೆ ಮಾಡಿದ ಹೆಂಗಸು! ವಿಭೂತಿ ಹಚ್ಚಿ, ಬಿಲ್ವಪತ್ರಿ ಹಾಕಿ ಅಲ್ಲೇ ಕೂಡಿಸಿದೆವು. ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದು ಬಂದವರು ಕಾಕಾ. ಕುಣಿ ತೋಡುತ್ತ ನಡುವೆ ಒಮ್ಮೆ ನಿಂತು ಬದುವನ್ನು ನೋಡಿದರು, ನನ್ನನ್ನು ನೋಡಿದರು. ದಣಿವಾಗಿರಬೇಕು ಅಂದುಕೊಂಡೆ. ಮತ್ತೆ ತೋಡತೊಡಗಿದರು.

ಮುಂದಿನ ವರ್ಷ ಕಾಕಾ ಕುರಿ ಹೊಡೆದುಕೊಂಡು ದೂರದೂರಿಗೆ ಹೋಗಿದ್ದಾಗ ಅವರ ಮಕ್ಕಳು ಕಬ್ಬು ಹಚ್ಚಬೇಕೆಂದು ಟ್ರ್ಯಾಕ್ಟರ್ ತರಿಸಿದರು. ನಾನು ಹೋಗಿ ನೋಡುತ್ತೇನೆ, ಬದು ಅರ್ಧಕ್ಕರ್ಧ ಇಲ್ಲ. ಅವ್ವನ ಸುತ್ತ ಇಟ್ಟಿದ್ದ ಕಲ್ಲುಗಳಲ್ಲಿ ಕೆಲವು ಅವರ ಸಾಲಿನಲ್ಲಿ ಉರುಳಿ ಬಿದ್ದಿದ್ದವು. ನನ್ನ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದಂತೆ ಬೈದೆ. ದೊಡ್ಡ ಮಗ ಟ್ರ್ಯಾಕ್ಟರಿನ ಪಕ್ಕ ನಿಂತು, "ಬದು ನಿಮ್ದ ಅಂತ ಬರದೈತೇನ್ರಿ ಅಕ್ಕಾರ?" ಅಂದ. ಬರೆಸಿಯೇ ತೋರಿಸುತ್ತೇನೆ ಮಗನೇ ಎಂದುಕೊಂಡು ಮರುದಿನವೇ ಹುಕ್ಕೇರಿ ಬಸ್ಸು ಹತ್ತಿ, ಹೊಲ ಅಳೆದು ಹದ್ದು ತೋರಿಸಿ ಕೊಡಬೇಕೆಂದು ಮೋಜಣಿಗೆ ಅರ್ಜಿ ಕೊಟ್ಟೆ.

ಸುದ್ದಿ ಮುಟ್ಟಿ ಕಾಕಾ ಕುರಿ ಬಿಟ್ಟು ಓಡಿಬಂದರು. ಕಟ್ಟೆಯ ಮೇಲೆ ಕೂಡಲೂ ಇಲ್ಲ.

"ಮೋಜಣಿ ಬ್ಯಾಡ ಮಗಳ. ಹುಡುಗ್ರಿಗೆ ಬೈದೇನಿ. ಬದು ನಾನ ಕಟ್ಟಿ ಕೊಡ್ತೇನಿ."

"ಯಾಕ್ರಿ ಕಾಕಾ, ಹೆದರಿಕಿ ಬಂತೇನ್ರಿ?"

"ಹೆದರಿಕಿ ಅಲ್ಲ ಬೇ. ನನ್ನ ಮಾತ ಕೇಳ."

"ನಿಮ್ಮ ಮಾತ ಅವ್ವ ಕೇಳಿದ್ಲು, ಸಾಕು. ಖರೆ ಏನೈತಿ ಅದು ಹೊರಗ ಬರ್ಲಿ."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

ಮೋಜಣಿಯವರು ಬಂದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ನಕಾಶೆ ಹಾಸಿದರು, ಹೊಲದ ಆ ತುದಿಯಲ್ಲಿ ಜಾಲಿ ಕಂಟಿಯ ಬುಡ ಕೆದರಿ ಹಳೇ ಬಾಂದಗಲ್ಲು ಹುಡುಕಿದರು, ಅಲ್ಲಿಂದ ಅಳೆಯುತ್ತ ಕೆಂಪು ಬಾವುಟ ನೆಡುತ್ತ ಬಂದರು. ನಾನು ಅವರ ಹಿಂದೆಯೇ ಇದ್ದೆ. ಬಾವುಟಗಳು ಕಾಕಾನ ಹೊಲದ ಕಡೆ ಸರಿಯುತ್ತವೆ ಎಂದು ಕಾಯುತ್ತಿದ್ದೆ. ಅವು ನಮ್ಮ ಕಡೆಗೆ ಸರಿದವು. ಬದು ಪೂರ್ತಿ ಆಚೆಗೆ ಹೋಯಿತು. ಕೊನೆಯ ಬಾವುಟವನ್ನು ಅವ್ವನಿಗಿಂತ ಈಚೆ, ನಮ್ಮ ಜೋಳದ ಕೂಳೆಯ ನಡುವೆ ನೆಟ್ಟರು.

ಮತ್ತೊಮ್ಮೆ ಅಳೆಯಿರಿ ಎಂದೆ. ಪಾಪ, ಅಳೆದರು. ಅದೇ ಬಂತು. ಕಲ್ಲು ಹೂಳಿ, ನನ್ನ ಸಹಿ ತೆಗೆದುಕೊಂಡು ಹೋದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಕಾಕಾ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಹಿಂದಕ ಹಳ್ಳ ತುಂಬಿ ಬಂದು ಬದು ಕೊಚ್ಕೊಂಡು ಹೋದಾಗ ವೈನಿನೂ ನಾನೂ ಕಣ್ಣಳತಿ ಮ್ಯಾಲ ಹೊಸಾದು ಹಾಕಿದ್ವಿ. ಅದು ನನ್ನ ಹೊಲದಾಗ ಸರದು ಬಂತು. ಗಂಡ ಇಲ್ಲದ ಹೆಣಮಗಳ ಜೋಡಿ ಏನ ತಕರಾರು ಮಾಡೂದು ಅಂತ ಬಿಟ್ನಿ. ಆಮ್ಯಾಲ ರಂಟಿ ಹೊಡಿಯೂಮುಂದ ಈಟೀಟ ವಾಪಸ್ ತಗೊಂಡ್ನಿ."

"ಕುಣಿ ತೋಡೂಮುಂದ ಹೇಳಬೇಕಿಲ್ಲೇನ್ರಿ, ಕಾಕಾ?"

"ಹೆಣ ಮುಂದಿಟ್ಕೊಂಡು ಕುಂತಾಕಿಗೆ ಬದುವಿನ ಮಾತ ಹೇಳ್ಲೇನ ಬೇ?"

ಅವರ ಮಾತು ನಿಜವೇ. ಹಾಗಂತ ಸಿಟ್ಟು ಇಳಿಯಿತೇ ಎಂದರೆ ಇಲ್ಲ. ಮೋಜಣಿ ಮಾಡಿಸಿದ್ದು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆ ಟ್ರ್ಯಾಕ್ಟರಿನ ಗಾಲಿಯ ಗುರುತು ನೋಡಿದ ಯಾವ ಮಗಳೂ ಸುಮ್ಮನೆ ಕೂಡುತ್ತಿರಲಿಲ್ಲ. ಆದರೆ ಅವ್ವ ಬೆನ್ನು ಬಾಗಿಸಿ ದುಡಿದದ್ದು ಒಂದೇ ಆಸೆಗೆ, ತನ್ನ ನೆಲದಲ್ಲಿ ತಾನು ಕೂಡಬೇಕೆಂದು. ಈಗ ಅವಳು ಮಂದಿಯ ಹೊಲದಲ್ಲಿ ಕೂತಿದ್ದಾಳೆ. ತೆಗೆದು ಈಚೆ ತರೋಣವೆಂದರೆ, ಮಣ್ಣು ಕೊಟ್ಟವರನ್ನು ಮತ್ತೆ ತೆಗೆಯುವ ಮಾತು ನಮ್ಮಲ್ಲಿ ಬಾಯಲ್ಲಿ ಕೂಡ ಬರಬಾರದು.

ನಾಚಿಕೆ ಬಿಟ್ಟು ಕಾಕಾನ ಮನೆಗೆ ಹೋದೆ. ಆ ಮೂಲೆ ನನಗೆ ಬಿಡಿ, ಅಷ್ಟೇ ನೆಲವನ್ನು ಬೇರೆ ಕಡೆ ನನ್ನ ಹೊಲದಲ್ಲಿ ತೆಗೆದುಕೊಳ್ಳಿ ಎಂದು ಕೇಳಿದೆ. ಹೊಲ ಆಗಲೇ ಮಕ್ಕಳ ಹೆಸರಿಗೆ ಹೋಗಿತ್ತು. ಅವರು ಒಪ್ಪಲಿಲ್ಲ, ಕಬ್ಬಿನ ಸಾಲು ಸೊಟ್ಟಾಗುತ್ತದಂತೆ. "ಮೋಜಣಿ ಮಾಡ್ಸಿದವ್ರು ನೀವ ಅಲ್ಲೇನ್ರಿ ಅಕ್ಕಾರ?" ಅಂದ ದೊಡ್ಡವನು. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಕಪಾಳಕ್ಕೆ ಹೊಡೆದಂತಾಯಿತು.

ಕಾಕಾ ನನ್ನನ್ನು ಕಳಿಸಲು ಓಣಿಯ ತನಕ ಬಂದರು. "ನಾ ಇರೂತನಕ ವೈನಿ ಕಡೆ ಯಾರೂ ಹಾಯಂಗಿಲ್ಲ, ಚಿಂತಿ ಮಾಡಬ್ಯಾಡ," ಅಂದರು.

"ನೀವು ಹೋದ ಮ್ಯಾಲರಿ?"

ವಯಸ್ಸಾದವರಿಗೆ ಹಾಗೆ ಕೇಳಬಾರದು. ಬಾಯಿಂದ ಬಂದುಬಿಟ್ಟಿತ್ತು. ಅವರು ತಿರುಗಿ ಮನೆಯ ಕಡೆ ಹೋದರು.

ಕಬ್ಬು ಮೊಣಕಾಲೆತ್ತರ ಬಂದಾಗ ಒಂದು ಮುಂಜಾನೆ ಹೊಲಕ್ಕೆ ಹೋದರೆ ಕಾಕಾ ಅವ್ವನ ಹತ್ತಿರ ಕೂತು ಉರುಳಿದ ಕಲ್ಲುಗಳನ್ನು ಮತ್ತೆ ಸುತ್ತ ಹೊಂದಿಸುತ್ತಿದ್ದರು. ಹೊಸ ಬಾಂದಗಲ್ಲಿನ ಈಚೆಯೇ ನಾನು ನಿಂತೆ. ದಾಟಲು ಕಾಲು ಬರಲಿಲ್ಲ. ಅವರು ಕೈಯ ಮಣ್ಣು ಧೋತರಕ್ಕೆ ಒರೆಸಿಕೊಂಡು ಹೇಳಿದರು:

"ಮಕ್ಕಳಿಗೆ ಹೇಳೇನಿ, ನನ್ನೂ ಇಲ್ಲೇ ಮಣ್ಣ ಮಾಡ್ರಿ ಅಂತ. ಹೂಂ ಅಂದಾರ. ಅಪ್ಪನ ಮ್ಯಾಲ ಟ್ಯಾಕ್ಟರ್ ಹಾಯ್ಸಾಕ ಅವರಿಗೂ ಕೈ ಬರಂಗಿಲ್ಲ. ವೈನಿ ಕುಂತಲ್ಲೇ ಬೈಕೋತ ಇರ್ಲಿ, ನಾ ಬಾಜೂಕ ಮಕ್ಕೊಂಡ ಕೇಳ್ತೇನಿ."

"ಬಿಡ್ತು ಅನ್ರಿ ಕಾಕಾ!" ಎಂದು ಗದರಿದೆ. ಅವರು ನಕ್ಕರು. ನಾನು ಮುಖ ತಿರುಗಿಸಿಕೊಂಡು ಅತ್ತೆ.

ಈ ಚಳಿಗಾಲ ಕಾಕಾನಿಗೆ ಕೆಮ್ಮು ಹತ್ತಿದೆ. ಅವರು ನೂರು ವರ್ಷ ಬಾಳಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ, ಖರೆ. ಆದರೆ ಅವರು ಆ ಮೂಲೆಗೆ ಬರುವವರೆಗೆ ಅವ್ವನ ಜಾಗ ಗಟ್ಟಿಯಲ್ಲ ಎಂಬುದೂ ನನಗೆ ಗೊತ್ತಿದೆ. ದಿನಾ ಸಂಜೆ ಕಷಾಯ ಕಾಸಿ ಒಯ್ದು ಕೊಡುತ್ತೇನೆ. ಅವರು ಕುಡಿದು ಲೋಟ ವಾಪಸ್ ಕೊಡುವವರೆಗೆ ಅವರ ಮುಖ ನೋಡಲು ನನ್ನಿಂದಾಗುವುದಿಲ್ಲ.