ಚಿಕ್ಕಪ್ಪನ ಕ್ಯಾಸೆಟ್ಟಿನಲ್ಲಿ ನನ್ನ ಮಗ್ಗಿ

ನಿನ್ನೆ ಬಸವೇಶ್ವರನಗರದ ಕೆಫೆಯೊಂದರಲ್ಲಿ ನಾಲ್ವರು ಹುಡುಗರು ತಾವೇ ಬರೆದ ಕನ್ನಡ ರಾಕ್ ಹಾಡುಗಳನ್ನು ಹಾಡಿದರು. ಕೇಳುವವರಿಗೆಲ್ಲ ಸಾಲುಗಳು ಬಾಯಿಪಾಠವಾಗಿದ್ದವು. ನನಗೆ ಚಿಕ್ಕಪ್ಪ ನೆನಪಾದ.

ನಮ್ಮ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಅವನ ಬ್ಯಾಂಡೂ ಇಂಥವೇ ಹಾಡು ಕಟ್ಟುತ್ತಿತ್ತು. "ಸಿನಿಮಾ ಹಾಡು ಹಾಡ್ರೋ, ಗಣೇಶನ ಪೆಂಡಾಲಿಗಾದ್ರೂ ಕರೀತಾರೆ," ಎನ್ನುತ್ತಿದ್ದಳು ಅಜ್ಜಿ. ಇವರು ಕೇಳಲಿಲ್ಲ, ಯಾರೂ ಕರೆಯಲೂ ಇಲ್ಲ. ಮೂರು ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿ, ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಅಂಚಿನ ಪ್ಲಾಸ್ಟಿಕ್ ಚೂರನ್ನು ಚಿಕ್ಕಪ್ಪ ಮುರಿದು ತೂತು ಮಾಡಿಟ್ಟಿದ್ದ. ಅಂಥ ತೂತಿಗೆ ಅಪ್ಪ ಸೆಲ್ಲೋಟೇಪು ಅಂಟಿಸಿ ಹಳೇ ಕ್ಯಾಸೆಟ್ಟುಗಳನ್ನು ಮತ್ತೆ ಬಳಸುವುದನ್ನು ನೋಡಿದ್ದೆ. ಮೂರನೇ ಕ್ಲಾಸಿನ ನಾನೂ ಹಾಗೇ ಮಾಡಿ, ಇಪ್ಪತ್ತರವರೆಗೂ ಮಗ್ಗಿ ಒಪ್ಪಿಸಿದೆ. ಹಾಡುಗಳೆಲ್ಲ ಅಳಿಸಿಹೋದವು.

ಚಿಕ್ಕಪ್ಪ ಪೂರ್ತಿ ಕೇಳಿದ. "ಹದಿಮೂರರ ಮಗ್ಗೀಲಿ ತಪ್ಪಿದೀಯ ಕಣೇ," ಎಂದಷ್ಟೇ ಹೇಳಿದ. ಬ್ಯಾಂಡಿನವರು ಅಷ್ಟರಲ್ಲಿ ಚದುರಿಹೋಗಿದ್ದರು.

ಅವನು ತೀರಿಕೊಂಡು ಒಂದು ವರ್ಷವಾಯಿತು. ನಿನ್ನೆ ಕೆಫೆಯಿಂದ ಬಂದವಳೇ ಅವನ ಬೀರು ತೆಗೆದು ಹುಡುಕಿದೆ. ಕ್ಯಾಸೆಟ್ಟು ಇತ್ತು. ಲೇಬಲ್ಲಿನ ಮೇಲಿದ್ದ ಬ್ಯಾಂಡಿನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದಿದ್ದ. ನಾನು ಅಂಟಿಸಿದ್ದ ಸೆಲ್ಲೋಟೇಪನ್ನು ಕಿತ್ತುಹಾಕಿದ್ದ, ನನ್ನ ಮಗ್ಗಿಯನ್ನು ಇನ್ಯಾರೂ ಅಳಿಸದ ಹಾಗೆ.