ಮೇಸ್ತ್ರಿಯವರ ಎಡ ಅಂಗೈ

ಗ್ಯಾರೇಜಿನಲ್ಲಿ ದುಡಿಯುವವರ ಕೈ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ನಮ್ಮ ಮೇಸ್ತ್ರಿಯವರ ಬಲಗೈಯೂ ಹಾಗೇ ಇತ್ತು. ಉಗುರಿನ ಸಂದಿಯೆಲ್ಲ ಕಪ್ಪು, ಬೆರಳ ಗೆಣ್ಣುಗಳ ಮೇಲೆ ಸ್ಪ್ಯಾನರ್ ಜಾರಿ ಆದ ಗಾಯದ ಗುರುತುಗಳು. ಆದರೆ ಎಡ ಅಂಗೈ ಮಾತ್ರ ಮದುವೆ ಮನೆಗೆ ಹೊರಟವರ ಕೈಯಂತೆ ಶುಭ್ರವಾಗಿರುತ್ತಿತ್ತು. ಆ ಕೈಯಲ್ಲಿ ಅವರು ಗ್ರೀಸ್ ಮುಟ್ಟುತ್ತಿರಲಿಲ್ಲ. ಮುಟ್ಟಬೇಕಾಗಿ ಬಂದರೆ ತಕ್ಷಣ ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದರು. ಇಂಜಿನ್ನಿನಿಂದ ಬೀಳುವ ಎಣ್ಣೆಯ ಹನಿಯನ್ನು ಅವರು ಹಿಡಿಯುತ್ತಿದ್ದುದು ಆ ಅಂಗೈಯಲ್ಲಿ. ಹಿಡಿದು, ಅಂಗೈಯನ್ನು ಬಿಸಿಲಿಗೆ ಓರೆ ಮಾಡಿ, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಆಮೇಲೆ ಮಾತು.

ಅವರ ಬಗ್ಗೆ ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಕಣ್ಣಿನ ಆಪರೇಷನ್ ಆಗಲಿ, ಹಬ್ಬ ಕಳೆಯಲಿ ಎಂದು ನೆಪ ಹೇಳಿಕೊಂಡು ಮುಂದಕ್ಕೆ ಹಾಕುತ್ತಲೇ ಬಂದೆ. ಕಣ್ಣು ಸರಿಹೋಯಿತು, ಹಬ್ಬಗಳೂ ಬಂದು ಹೋದವು. ಅವರ ವಿಷಯ ಬರೆದರೆ ನನ್ನದೊಂದು ಸುಳ್ಳನ್ನೂ ಬರೆಯಬೇಕಾಗುತ್ತದೆ ಎಂಬುದೇ ನಿಜವಾದ ಅಡ್ಡಿ.

ಗುಂಡ್ಲುಪೇಟೆಯ ಊಟಿ ರಸ್ತೆಗೆ ಮುಖ ಮಾಡಿದ್ದ ತಗಡಿನ ಶೆಡ್ಡು ನನ್ನ ಗ್ಯಾರೇಜು. ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲವು ವರ್ಷ ಲಾರಿ ಓಡಿಸಿ, ಆಮೇಲೆ ಅದನ್ನು ಹಾಕಿದೆ. ನನಗೆ ಗಾಡಿ ಓಡಿಸುವುದು ಗೊತ್ತಿತ್ತೇ ಹೊರತು ಬಿಚ್ಚಿ ಜೋಡಿಸುವುದು ಅಷ್ಟಾಗಿ ಗೊತ್ತಿರಲಿಲ್ಲ. ಚಾಮರಾಜನಗರದಲ್ಲಿ ಅಪ್ಪನ ಲೇತ್ ಅಂಗಡಿಯಲ್ಲಿ ಬೆಳೆದಿದ್ದ ಮೇಸ್ತ್ರಿಯವರು ಬಂದ ಮೇಲೆಯೇ ಅದು ಗ್ಯಾರೇಜು ಅನ್ನಿಸಿಕೊಂಡದ್ದು. ಮೊದಮೊದಲು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಆಮೇಲೆ ಹೆಂಡತಿ, ಮಗಳನ್ನು ಕರೆದುಕೊಂಡು ಬಂದು ಇಲ್ಲೇ ಬಾಡಿಗೆ ಮನೆ ಮಾಡಿದರು. ಮನೆಯಲ್ಲಿ ಉರ್ದು, ನಮ್ಮ ಜೊತೆ ನಮ್ಮೂರ ಕನ್ನಡ, ಕೇರಳದ ಡ್ರೈವರುಗಳು ಬಂದರೆ ಮಲಯಾಳ. ಯಾವ ಭಾಷೆಯಲ್ಲಾದರೂ ಅವರದು ನಿಧಾನದ ಮಾತು.

ಬಿಚ್ಚಿದ ಬೋಲ್ಟುಗಳನ್ನು ಅವರು ಇಡುತ್ತಿದ್ದುದು ಹಳೆಯ ಇಡ್ಲಿ ತಟ್ಟೆಯಲ್ಲಿ. ಒಂದೊಂದು ಗುಳಿಗೆ ಒಂದೊಂದು ಜಾಗದ ಬೋಲ್ಟು. ಕಾಯುತ್ತಾ ನಿಂತ ಗಿರಾಕಿಗಳು ಸುಮ್ಮನಿರುತ್ತಾರೆಯೇ?

"ಏನ್ ಮೇಸ್ತ್ರಿ, ಬೆಂದಿದ್ದಾವಾ ಇಡ್ಲಿ?"

"ಬೆಂದವೆ ಕೂತ್ಕಳಿ. ಚಟ್ನಿಗೆ ಗ್ರೀಸ್ ಐತೆ."

ತೆರಕಣಾಂಬಿಯಿಂದ ಒಬ್ಬ ಪಿಕಪ್ ಡ್ರೈವರು ಬಂದಿದ್ದ. ತನ್ನ ಗಾಡಿಗೆ ಏನೂ ಆಗಿಲ್ಲ, ಬರೀ ಬ್ರೇಕ್ ನೋಡಿಕೊಡಿ ಎಂದು ಅವನ ಹಟ. ಮೇಸ್ತ್ರಿಯವರು ಕೆಳಗೆ ಬಗ್ಗಿ ಒಂದು ಹನಿ ಹಿಡಿದರು. ಬಿಸಿಲಿಗೆ ತೋರಿಸಿದಾಗ ಎಣ್ಣೆಯೊಳಗೆ ಸಣ್ಣ ಸಣ್ಣ ಮಿಂಚು. ಒಳಗೆ ಬೇರಿಂಗು ಸವೆದು ಪುಡಿ ಉದುರುತ್ತಿತ್ತು. ಎಣ್ಣೆ ಇಲ್ಲದೆ ಓಡಿಸಿದ್ದೀಯ ಎಂದರೆ ಇಲ್ಲವೇ ಇಲ್ಲ ಎಂದು ಅವನು ಆಣೆ ಹಾಕಿದ. ಅವನನ್ನು ಕಳಿಸಿದ ಮೇಲೆ ಮೇಸ್ತ್ರಿಯವರು ಕೈ ತೊಳೆಯುತ್ತಾ ನನಗೆ ಹೇಳಿದರು: "ಗಾಡಿ ಸುಳ್ಳು ಹೇಳಾಕಿಲ್ಲ ಅಣ್ಣಾ. ಗಾಡಿ ಓನರ್ ಹೇಳ್ತಾನೆ."

ಅವತ್ತು ನಾನೂ ನಕ್ಕಿದ್ದೆ.

ಬೋರ್ಡಿನ ಮೇಲೆ ಇದ್ದದ್ದು ನನ್ನ ಹೆಸರು. ಆದರೆ ಊರಿನ ಬಾಯಲ್ಲಿ ಅದು ಸಾಬರ ಗ್ಯಾರೇಜು. ಹಂಗಳದಿಂದ ಬಂದವರು ಶೆಡ್ಡಿನ ಬಾಗಿಲಲ್ಲಿ ಕೂತ ನನ್ನನ್ನೇ "ಮೇಸ್ತ್ರಿ ಇಲ್ವಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ನಾಳೆ ಬರುತ್ತೇವೆ ಎಂದು ಹೊರಟುಬಿಡುತ್ತಿದ್ದರು. ಮೊದಲು ಇದು ಹೆಮ್ಮೆಯಾಗಿತ್ತು. ಬರುಬರುತ್ತಾ ಎದೆಯಲ್ಲಿ ಸಣ್ಣಗೆ ಉರಿಯತೊಡಗಿತು. ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಅಂಥ ದಿನಗಳಲ್ಲಿ ಆ ಕಾರು ಬಂತು. ನಮ್ಮೂರಿನ ಶುಂಠಿ ವ್ಯಾಪಾರಿಯೊಬ್ಬರ ಮಗನದು. ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ಕಾರು. ರೇಸಿನ ಹುಚ್ಚು ಆತನಿಗೆ. ಇದ್ದ ವೇಗ ಸಾಲದೆಂದು ಎರಡು ಟರ್ಬೊ ಇರುವ ಕಿಟ್ಟನ್ನು ಹೊರದೇಶದಿಂದ ತರಿಸಿದ್ದ. ಮೈಸೂರಿನಲ್ಲಿ ಹಾಕಿಸುವ ಬದಲು ನಮ್ಮ ಮೇಸ್ತ್ರಿಯವರ ಕೈಯಲ್ಲೇ ಆಗಬೇಕೆಂದು ಹಟ ಹಿಡಿದ. ಅಂಥ ಕೆಲಸ ನಮ್ಮ ಶೆಡ್ಡಿಗೆ ಹಿಂದೆ ಬಂದಿರಲಿಲ್ಲ.

ಟರ್ಬೊ ಎಂದರೆ ಬಸವನಹುಳುವಿನ ಚಿಪ್ಪಿನಂಥ ಒಂದು ಸಾಮಾನು. ಇಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸಕ್ಕೆ ಅದರೊಳಗಿನ ಚಕ್ರ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಕಸುವು ಹೆಚ್ಚು. ಆ ಕಾರಿಗೆ ಇಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು. ಮೇಸ್ತ್ರಿಯವರು ಒಂದನ್ನು ಕೈಯಲ್ಲಿ ಹಿಡಿದು ಚಕ್ರವನ್ನು ಹಿಡಿದಿರುವ ಒಳಗಿನ ಸರಳನ್ನು, ಅಂದರೆ ಶಾಫ್ಟನ್ನು, ಬೆರಳಿನಿಂದ ತಿರುಗಿಸಿ ತೋರಿಸಿದ್ದರು. "ಇದು ಕಬ್ಬಿಣದ ಮ್ಯಾಲೆ ತಿರುಗಾಕಿಲ್ಲ ಅಣ್ಣಾ. ಎಣ್ಣೆ ಮ್ಯಾಲೆ ತೇಲ್ತದೆ. ಎಣ್ಣೆ ಇಲ್ದೆ ಒಂದು ನಿಮಿಷ ತಿರುಗಿದ್ರೂ ಮುಗೀತು."

ಆದ್ದರಿಂದ ಅವರದೊಂದು ಕಟ್ಟುನಿಟ್ಟಿತ್ತು. ಟರ್ಬೊ ಇರುವ ಯಾವ ಗಾಡಿಯನ್ನು ಬಿಚ್ಚಿದರೂ, ಮತ್ತೆ ಜೋಡಿಸಿದ ಮೇಲೆ ಮೊದಲು ಅದಕ್ಕೆ ಕೈಯಾರೆ ಎಣ್ಣೆ ಹೊಯ್ದು, ಪೆಟ್ರೋಲು ಡೀಸೆಲ್ಲು ಹೋಗದಂತೆ ತಡೆದು, ಇಂಜಿನ್ನನ್ನು ಬರಿದೇ ತಿರುಗಿಸಿ, ಎಣ್ಣೆ ವಾಪಸು ಬರುವ ಕೊಳವೆಯಿಂದ ಎಡ ಅಂಗೈಗೆ ಹನಿ ಬೀಳುವ ತನಕ ಯಾರಿಗೂ ಸ್ಟಾರ್ಟ್ ಮಾಡಲು ಬಿಡುತ್ತಿರಲಿಲ್ಲ. ಕೀ ಅವರ ಜೇಬಿನಲ್ಲಿ.

ಕೆಲಸ ಬಹುತೇಕ ಮುಗಿದದ್ದು ಒಂದು ಶುಕ್ರವಾರ. ಕಾರಿನವನು ರಾಹುಕಾಲ ಕಳೆದ ಮೇಲೆ ಪೂಜೆ ಎಂದು ಮೊದಲೇ ಗೊತ್ತು ಮಾಡಿದ್ದ. ಕಾರನ್ನು ತಳ್ಳಿ ಶೆಡ್ಡಿನ ಮುಂದೆ ಬಿಸಿಲಿಗೆ ನಿಲ್ಲಿಸಿದ್ದೆವು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಬಾನೆಟ್ಟಿಗೆ ಹೂವಿನ ಹಾರ. ಅಷ್ಟರಲ್ಲಿ ಜುಮ್ಮಾ ನಮಾಜಿನ ಹೊತ್ತಾಯಿತು. ಪೂಜೆಗೆ ಕೀ ಬೇಕು ಎಂದು ಕಾರಿನವನ ಜೊತೆ ಬಂದಿದ್ದ ಹುಡುಗರು ಕೇಳಿದರು. ಮೇಸ್ತ್ರಿಯವರು ಕೀಯನ್ನು ಅವರಿಗೆ ಕೊಡದೆ ನನ್ನ ಕೈಗೇ ಕೊಟ್ಟರು.

"ಬಲಗಡೆದಕ್ಕೆ ಇನ್ನೂ ಎಣ್ಣೆ ಉಯ್ದಿಲ್ಲ ಅಣ್ಣಾ. ಕೀ ತಟ್ಟೇಲಿ ಇಟ್ಟು ಪೂಜೆ ಮಾಡ್ಕಳಿ. ತಿರುಗಿಸ್ಬ್ಯಾಡಿ. ನಾನು ಬಂದ್ಬುಡ್ತೀನಿ."

ತಲೆಯಾಡಿಸಿದೆ. ಅವರು ಟೋಪಿ ಹಾಕಿಕೊಂಡು ಮಸೀದಿಯ ಕಡೆ ಹೊರಟರು.

ಮಂಗಳಾರತಿ ಆಯಿತು. ಕುಂಕುಮ ಹಚ್ಚಿದ ಕೀ ತಟ್ಟೆಯಲ್ಲಿತ್ತು. ಕಾರಿನವನ ಗೆಳೆಯರೆಲ್ಲ ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದರು. "ಒಂದ್ಸಲ ಸೌಂಡ್ ಕೇಳ್ಬುಡನ ಅಣ್ಣಾ" ಎಂದ ಕಾರಿನವನು. ಮೇಸ್ತ್ರಿ ಬರಲಿ ಎಂದೆ. ಆಗ ಅವರಲ್ಲೊಬ್ಬ ನಗುತ್ತಾ, "ಬುಡ್ಲಾ, ಮೇಸ್ತ್ರಿ ಇಲ್ದೆ ಇವ್ರಿಗೆ ಸ್ಟಾರ್ಟ್ ಮಾಡಕ್ಕೂ ಬರಾಕಿಲ್ಲ" ಎಂದ.

ಆ ಮಾತಿಗೆ ನಾನು ಕಾರಿನೊಳಗೆ ಹೋಗಿ ಕೂತೆ.

ಇಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ಆಕ್ಸಿಲರೇಟರ್ ಒತ್ತಿದೆ. ಹುಡುಗರು ಶಿಳ್ಳೆ ಹಾಕಿದರು. ಇನ್ನೂ ಒತ್ತಿದೆ. ಆ ಗರ್ಜನೆಯ ಒಳಗಿನಿಂದ, ಹಿತ್ತಾಳೆಯ ತಟ್ಟೆಯನ್ನು ಮೊಳೆಯಿಂದ ಕೆರೆದಂಥ ಸಣ್ಣ ಸದ್ದು ಕೇಳಿಸಿತು. ಬಲಗಡೆಯಿಂದ. ತಟ್ಟನೆ ಆಫ್ ಮಾಡಿದೆ. ಗಾಡಿಯನ್ನು ಮುಂದಕ್ಕೆ ಬಿಡಲಿಲ್ಲ. ನಿಂಬೆಹಣ್ಣುಗಳು ಚಕ್ರದ ಕೆಳಗೆ ಹಾಗೇ ಉಳಿದವು. ಮಿಕ್ಕವರಿಗೆ ಏನೂ ತಿಳಿಯಲಿಲ್ಲ. ಹೋಗಿ ಊಟ ಮಾಡಿಕೊಂಡು ಬನ್ನಿ ಎಂದು ಅವರನ್ನೆಲ್ಲ ಎದುರಿನ ಹೋಟೆಲಿಗೆ ಅಟ್ಟಿದೆ.

ಮೇಸ್ತ್ರಿಯವರು ಬಂದವರೇ ಬಲಗಡೆಯ ಟರ್ಬೊದ ಕೊಳವೆ ಬಿಚ್ಚಿ ಎಣ್ಣೆ ಹೊಯ್ದು, ಮತ್ತೆ ಜೋಡಿಸಿ, ನನಗೆ ಬರಿದೇ ತಿರುಗಿಸಲು ಹೇಳಿ ಕೆಳಗೆ ಅಂಗೈ ಒಡ್ಡಿದರು. ಹನಿ ಬಿತ್ತು. ಬಿಸಿಲಿಗೆ ಓರೆ ಮಾಡಿದರು. ತುಂಬಾ ಹೊತ್ತು ನೋಡಿದರು.

"ಸ್ಟಾರ್ಟ್ ಮಾಡಿದ್ರಾ ಅಣ್ಣಾ?"

"ಇಲ್ಲ ಕಣಿ ಮೇಸ್ತ್ರಿ. ನಿಂಬೆಹಣ್ಣು ನೋಡಿ, ಹಂಗೇ ಅವೆ."

ನಮ್ಮಲ್ಲಿ ಪೂಜೆಯಾಗಿ ಗಾಡಿ ಸ್ಟಾರ್ಟ್ ಮಾಡಿದರೆ ನಿಂಬೆಹಣ್ಣಿನ ಮೇಲೆ ಹತ್ತಿಸದೆ ಯಾರೂ ಬಿಡುವುದಿಲ್ಲ. ಅದು ಅವರಿಗೂ ಗೊತ್ತು, ನಮ್ಮ ಶೆಡ್ಡಿನಲ್ಲಿ ಎಷ್ಟೋ ಪೂಜೆ ನೋಡಿದವರು. ಬಗ್ಗಿ ಹಣ್ಣುಗಳನ್ನು ನೋಡಿದರು. ಮತ್ತೆ ಅಂಗೈ ನೋಡಿದರು. ಹೊಸ ಸಾಮಾನಿನ ಪುಡಿ ಇರಬೇಕು ಎಂದುಕೊಳ್ಳುತ್ತಾ ಕೈ ತೊಳೆಯಲು ಹೋದರು. ಅವರ ಅಂಗೈ ನಿಜ ಹೇಳುತ್ತಿತ್ತು. ಅವರು ನನ್ನ ಮಾತನ್ನು ನಂಬಿದರು.

ಆ ಕ್ಷಣದಲ್ಲಿ ಹೇಳಿಬಿಟ್ಟಿದ್ದರೆ ಒಂದೆರಡು ದಿನದ ಕೆಲಸ ಹೆಚ್ಚಾಗುತ್ತಿತ್ತು, ಅಷ್ಟೇ.

ಸಂಜೆ ಕಾರಿನವನು ಬಂಡೀಪುರದ ಕಡೆಗೆ ಓಡಿಸಿಕೊಂಡು ಹೋದ. ಪಕ್ಕದಲ್ಲಿ ಮೇಸ್ತ್ರಿಯವರು. ಹಂಗಳ ದಾಟುವ ಮೊದಲೇ ಬಲಗಡೆಯ ಟರ್ಬೊ ಕಚ್ಚಿ ನಿಂತು, ಹಿಂದೆಲ್ಲ ನೀಲಿ ಹೊಗೆ ತುಂಬಿಕೊಂಡಿತಂತೆ. ಕಾರನ್ನು ಕಟ್ಟಿ ಎಳೆದುಕೊಂಡು ಬಂದರು. ಬಿಚ್ಚಿದಾಗ ಶಾಫ್ಟು ಸುಟ್ಟು ನೀಲಿಗಟ್ಟಿತ್ತು. ಕಾರಿನವನು ಶೆಡ್ಡಿನ ಮುಂದೆ ಸೇರಿದ ಜನರ ಎದುರೇ ಮೇಸ್ತ್ರಿಯವರನ್ನು ಬೈದ. ಪಂಪ್‌ಸೆಟ್ಟು ರಿಪೇರಿ ಮಾಡುವವರ ಕೈಗೆ ಕಾರು ಕೊಟ್ಟದ್ದು ತನ್ನ ತಪ್ಪು ಎಂದ. ಮೇಸ್ತ್ರಿಯವರು ನನ್ನ ಕಡೆ ನೋಡಿದರು, ನಾನೊಂದು ಮಾತು ಆಡಲಿ ಎಂಬಂತೆ. ನಾನು ಆಡಿದೆ.

"ಕೈತಪ್ಪು ಆಗ್ತದೆ ಬುಡಪ್ಪ. ದೊಡ್ಡೋರು, ಬಯ್ಬ್ಯಾಡ."

ಕೇಳಿದವರಿಗೆ ನಾನು ಅವರ ಪರ ನಿಂತಂತೆ ಕಂಡಿತು. ಕೈತಪ್ಪು ಅವರದೇ ಎಂದು ಊರಿಗೆಲ್ಲ ಸಾರಿದವನು ನಾನು. ಹುಡುಗರ ಬಾಯಿಂದ ಪೂಜೆಯ ಹೊತ್ತಿನ ಸಂಗತಿ ಎಲ್ಲಿ ಹೊರಬೀಳುತ್ತದೋ ಎಂದು ಅವರನ್ನೂ ಮೇಸ್ತ್ರಿಯವರನ್ನೂ ಮಾತಿಗೆ ಸೇರಲು ಬಿಡದೆ ನಡುವೆಯೇ ನಿಂತಿದ್ದೆ.

ಆಮೇಲೆ ಅವರು ಮೊದಲಿನಂತೆ ಇರಲಿಲ್ಲ. ಬಿಗಿ ಮಾಡಿದ ಬೋಲ್ಟನ್ನು ಮತ್ತೆ ಸಡಿಲಿಸಿ ನೋಡುತ್ತಿದ್ದರು. ಮುಚ್ಚಿದ ಇಂಜಿನ್ನನ್ನು ಮತ್ತೆ ತೆರೆಯುತ್ತಿದ್ದರು. ಹನಿ ಹಿಡಿದು ನೋಡಿ, "ನೀವೂ ನೋಡಿ ಅಣ್ಣಾ" ಎಂದು ನನಗೆ ತೋರಿಸುತ್ತಿದ್ದರು. ನಾನು ನೋಡಿ ಏನು ಹೇಳಲಿ? ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೂ ಸಿಗದಾದಾಗ ಗಿರಾಕಿಗಳು ಗೊಣಗಿದರು. ಮುಂದಿನ ಮಳೆಗಾಲದ ಹೊತ್ತಿಗೆ, ಕೈ ಮೊದಲಿನ ಹಾಗಿಲ್ಲ ಎಂದು ಹೇಳಿ ಅವರು ಚಾಮರಾಜನಗರಕ್ಕೆ ವಾಪಸಾದರು. ಇಡ್ಲಿ ತಟ್ಟೆಯನ್ನು ತೊಳೆದು ಗೂಟಕ್ಕೆ ನೇತುಹಾಕಿ ಹೋಗಿದ್ದರು. ಗ್ಯಾರೇಜು ಆಮೇಲೆ ಹೆಚ್ಚು ಕಾಲ ನಡೆಯಲಿಲ್ಲ.

ಕೆಲವು ವರ್ಷಗಳ ನಂತರ ಚಾಮರಾಜನಗರದಲ್ಲಿ ಅವರನ್ನು ಹುಡುಕಿಕೊಂಡು ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕುವ, ಗಾಳಿ ತುಂಬುವ ಪುಟ್ಟ ಅಂಗಡಿ. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಎಡ ಅಂಗೈಯೂ ಕಪ್ಪಾಗಿತ್ತು. ಗೆರೆಗಳ ಒಳಗೆಲ್ಲ ಮಸಿ ಕೂತಿತ್ತು.

ಟೀ ತರಿಸಿದರು. ಮಗಳ ಮದುವೆಯ ಸುದ್ದಿ ಹೇಳಿದರು. ಆಮೇಲೆ ತಾವಾಗಿಯೇ ಆ ಮಾತಿಗೆ ಬಂದರು.

"ಅವತ್ತು ಹನೀಲಿ ಮಿಂಚು ಇತ್ತು ಅಣ್ಣಾ. ಕಣ್ಣಾರೆ ನೋಡಿನೂ ಬುಟ್ಬುಟ್ಟೆ. ಎಲ್ಲಿಂದ ಬಂತು ಅದು ಅಂತ ಈಗ್ಲೂ ಗೊತ್ತಾಗ್ನಿಲ್ಲ."

ಲೋಟ ನನ್ನ ಕೈಯಲ್ಲಿತ್ತು. ನಾನು ಹೇಳಿದ್ದು: "ಆ ಕಿಟ್ಟೇ ಸರಿ ಇರ್ನಿಲ್ಲ ಬುಡಿ ಮೇಸ್ತ್ರಿ."

ಅವರು ತಲೆಯಾಡಿಸಿದರು. "ಇಲ್ಲ ಅಣ್ಣಾ, ಸಾಮಾನು ಚೆನ್ನಾಗಿತ್ತು. ನಂದೇ ಎಲ್ಲೋ."

ಹೋದ ವರ್ಷ ಅವರು ತೀರಿಕೊಂಡರೆಂದು ಅಳಿಯ ಫೋನು ಮಾಡಿ ತಿಳಿಸಿದ. ಮಣ್ಣಿಗೆ ಹೋಗಿದ್ದೆ. ಎಲ್ಲರಂತೆ ನಾನೂ ಮಣ್ಣು ಹಾಕಿದೆ. ಬಂದವರಲ್ಲಿ ಒಬ್ಬರು, ಮೇಸ್ತ್ರಿಯವರು ನಿಮ್ಮನ್ನು ತುಂಬಾ ನೆನೆಯುತ್ತಿದ್ದರು, ನನ್ನಿಂದ ತಪ್ಪಾದರೂ ಬಿಟ್ಟುಕೊಡಲಿಲ್ಲ ನಮ್ಮ ಅಣ್ಣ ಎನ್ನುತ್ತಿದ್ದರು ಎಂದು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಯಾರ ಮುಖವನ್ನೂ ನೋಡಲಾಗಲಿಲ್ಲ.

ಈಚೆಗೆ ಆ ಕಾರಿನವನು ಪೇಟೆಯಲ್ಲಿ ಸಿಕ್ಕ. ಈಗ ಅವನಿಗೂ ತಲೆ ನರೆಯುತ್ತಿದೆ. ಅವನನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ತಪ್ಪು ಮೇಸ್ತ್ರಿಯವರದಲ್ಲ, ನನ್ನದು ಎಂದೆ. ಅವನಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಓ, ಆ ಸಾಬ್ರಾ? ಅದ್ಕೇನೀಗ ಬುಡಿ ಅಣ್ಣಾ. ಸ್ಟಾರ್ಟ್ ಮಾಡಿ ಅಂದಿದ್ದು ನಾನೇ ಅಲ್ವಾ? ವಿಡಿಯೋನೂ ಇತ್ತು ಎಲ್ಲೋ. ಆ ಕಾರು ಮಾರಿ ಎಷ್ಟು ಕಾಲಾಯ್ತು."

ಹೆಗಲು ತಟ್ಟಿ ಹೊರಟುಹೋದ. ನಾನು ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅವನಿಗೆ ಅದು ಒಂದು ವಿಷಯವೇ ಅಲ್ಲ. ಆ ನಿಜ ಬೇಕಾಗಿದ್ದದ್ದು ಒಬ್ಬರಿಗೇ. ಅವರು ನನ್ನೆದುರು ಕೂತು ಅದನ್ನು ಕೇಳಿಯೂ ಇದ್ದರು.

ಇಡ್ಲಿ ತಟ್ಟೆ ಈಗಲೂ ನನ್ನ ಮನೆಯಲ್ಲಿದೆ. ಅದರ ಗುಳಿಗಳಲ್ಲಿ ಏನೂ ಇಲ್ಲ. ಹನಿಯಲ್ಲಿದ್ದ ಮಿಂಚು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಉತ್ತರ ಇಲ್ಲಿ ಬರೆದಿದ್ದೇನೆ. ಅದು ನಾನು ಕೀ ತಿರುಗಿಸಿದ್ದರಿಂದ ಬಂತು. ಮೇಸ್ತ್ರಿ, ನಿಮ್ಮ ಕೈ ತಪ್ಪಿರಲಿಲ್ಲ. ಇದನ್ನು ಓದಬೇಕಾದವರು, ನಾನು ಕ್ಷಮೆ ಕೇಳದೆ ಮಣ್ಣಿಗಿಟ್ಟು ಬಂದವರು, ನಮ್ಮ ಮೇಸ್ತ್ರಿಯವರು.