ಕಂಬದ ಬುಡದ ಕುಂಬಳಕಾಯಿ

ಆಯುಧಪೂಜೆಯ ಮರುದಿನ ಪದ್ಮನಾಭನಗರದ ನಮ್ಮ ಬೀದಿಯಲ್ಲಿ ನೆಲ ನೋಡಿಕೊಂಡೇ ನಡೆಯಬೇಕು. ಪ್ರತಿ ಗೇಟಿನ ಮುಂದೆಯೂ ಒಡೆದ ಬೂದುಗುಂಬಳಕಾಯಿ, ಕುಂಕುಮ ಮೆತ್ತಿದ ತಿರುಳು. ಆ ಹಸಿ ವಾಸನೆ ನಿಮಗೆ ಹಬ್ಬವನ್ನು ನೆನಪಿಸಬಹುದು. ನನಗೆ ಮಾತ್ರ ಹದಿನೈದು ವರ್ಷಗಳಿಂದ ಅದು ಬಂದರೆ ಸಾಕು, ಮುಖ ಎತ್ತಲು ಆಗುವುದಿಲ್ಲ.

ಕಾರಣ ಹೇಳಬೇಕಾದರೆ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಯಜಮಾನರ ವಂಶಾವಳಿಯನ್ನೇ ಹೇಳಬೇಕು. ಜಯನಗರದಲ್ಲಿ ಅದನ್ನು ಕಟ್ಟಿದವರು ನಮ್ಮ ಡ್ರಿಲ್ ಮೇಷ್ಟ್ರು ವೆಂಕಟರಾಮಯ್ಯ. ಅವರ ಆಸ್ತಿ ಎಂದರೆ ಎರಡು ಚೆಂಡು, ಒಂದು ವಿಷಲ್. ಮುಂದೆ ಕುಕ್ಕರ್ ಕಾರ್ಖಾನೆಯವರೊಬ್ಬರು ತಂಡವನ್ನು ವಹಿಸಿಕೊಂಡು ಹುಡುಗರಿಗೆ ಕೆಲಸ ಕೊಟ್ಟರು. ಹುಡುಗರು ಹಗಲು ಕುಕ್ಕರಿನ ಮುಚ್ಚಳಕ್ಕೆ ಗ್ಯಾಸ್ಕೆಟ್ ಹಾಕಿ, ಸಂಜೆ ಬುಟ್ಟಿಗೆ ಚೆಂಡು ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಜೆ.ಪಿ. ನಗರದ ಬಿಲ್ಡರ್ ಒಬ್ಬರು ಕೊಂಡರು. ಇನ್ನು ಆಡುವುದಕ್ಕೇ ಸಂಬಳ ಎಂದರು. ಹಾಗೆ ನಮ್ಮದು ವೃತ್ತಿಪರ ತಂಡವಾಯಿತು. ಮೂವರ ಕಾಲದಲ್ಲೂ ನಾನೇ ಕಾರ್ಯದರ್ಶಿ. ನಾನು ಎಸೆದ ಚೆಂಡು ಒಮ್ಮೆಯೂ ಬುಟ್ಟಿಯ ಕಡೆಗೆ ಹೋಗದ್ದನ್ನು ಕಂಡು ಮೇಷ್ಟ್ರು ನನ್ನ ಕೈಗೆ ಸ್ಕೋರ್ ಪುಸ್ತಕ ಕೊಟ್ಟಿದ್ದರು.

ಯಜಮಾನರು ಬದಲಾದರೂ ಒಂದು ಪದ್ಧತಿ ಬದಲಾಗಿರಲಿಲ್ಲ. ಆಯುಧಪೂಜೆಯ ದಿನ ಚೆಂಡುಗಳಿಗೆ ವಿಭೂತಿ ಬಳಿದು, ಬುಟ್ಟಿಯ ಕಂಬಕ್ಕೆ ಬಾಳೆಕಂದು ಕಟ್ಟಿ, ಅದರ ಬುಡದಲ್ಲಿ ಮೇಷ್ಟ್ರು ಕುಂಬಳಕಾಯಿ ಒಡೆಯುತ್ತಿದ್ದರು. ಕುಕ್ಕರಿನವರೂ ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಿದ್ದರು. ಒಡೆದ ತಕ್ಷಣ ಮೇಷ್ಟ್ರೇ ಪೊರಕೆ ಹಿಡಿಯುತ್ತಿದ್ದರು.

"ಒಡೆದೋರೇ ಗುಡಿಸ್ಬೇಕು ಕಣ್ರೋ. ನಾಳೆ ಯಾರಾದ್ರೂ ಜಾರಿ ಬಿದ್ರೆ?"

ಬಿಲ್ಡರ್ ಬಂದ ವರ್ಷ ಸಂಬಳದ ಮ್ಯಾನೇಜರ್ ಹುದ್ದೆಯ ಮೇಲೆ ನನ್ನ ಕಣ್ಣಿತ್ತು. ಮೇಷ್ಟ್ರು ಎಂದಿನಂತೆ ಪಂಚೆ ಎತ್ತಿ ಕಟ್ಟಿ, ಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿದ್ದರು.

"ಮೇಷ್ಟ್ರೇ, ಕೊಡಿ ಇಲ್ಲಿ. ಇನ್ಮೇಲೆ ಓನರ್ರೇ ಒಡೀಬೇಕು," ಎಂದು ಎಲ್ಲರೆದುರು ಅವರ ಕೈಯಿಂದ ಕಿತ್ತುಕೊಂಡೆ. ಅವರ ಬರಿಗೈಗಳು ಸ್ವಲ್ಪ ಹೊತ್ತು ಮೇಲೆಯೇ ಇದ್ದವು.

ಬಿಲ್ಡರ್ ತಬ್ಬಿಬ್ಬಾಗಿ ಹೇಗೋ ಒಡೆದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಯಾಕ್ರೀ ಹಾಗ್ಮಾಡಿದ್ರಿ? ಹಿರಿಯರು, ಅವ್ರೇ ಒಡೀಬೋದಿತ್ತಲ್ಲ. ನಾನೇನ್ ಕೇಳಿದ್ನಾ?" ಎಂದರು. ತಿರುಗಿ ನೋಡಿದರೆ ಮೇಷ್ಟ್ರು ಬಗ್ಗಿ ಗುಡಿಸುತ್ತಿದ್ದರು, ತಾವು ಒಡೆಯದ ಕಾಯಿಯನ್ನು. ನಾನು ಹೋಗಿ ಪೊರಕೆ ಇಸಿದುಕೊಳ್ಳಲಿಲ್ಲ. ಮಾಲೀಕರ ಕಾರಿನ ಬಾಗಿಲು ತೆಗೆಯಲು ಓಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೇಷ್ಟ್ರು ಮತ್ತೆ ಆ ಕಡೆ ಬರಲಿಲ್ಲ. ಮ್ಯಾನೇಜರ್ ಕೆಲಸ ಬಿಲ್ಡರ್ ಭಾವಮೈದುನನ ಪಾಲಾಯಿತು. ತಂಡವನ್ನು ಬಿಲ್ಡರ್ ಇನ್ನೊಬ್ಬರಿಗೆ ಮಾರಿದರು, ಆ ಇನ್ನೊಬ್ಬರು ಮತ್ತೊಬ್ಬರಿಗೆ. ಈಗ ಅದು ಯಾರದೋ ನನಗೆ ತಿಳಿಯದು.

ಇವತ್ತು ಬೆಳಿಗ್ಗೆ ಸೈಕಲ್ಲಿನಲ್ಲಿ ಟ್ಯೂಷನ್‌ಗೆ ಹೊರಟ ಹುಡುಗಿಯೊಬ್ಬಳು ನಮ್ಮ ಗೇಟಿನ ಮುಂದೆಯೇ ಜಾರಿ ಬಿದ್ದಳು. ಅದು ನಿನ್ನೆ ನನ್ನ ಸ್ಕೂಟರಿಗೆಂದು ನಾನೇ ಒಡೆದ ಕುಂಬಳಕಾಯಿ. "ಪರವಾಗಿಲ್ಲ ಅಂಕಲ್," ಎಂದು ಮೊಣಕೈ ಒರೆಸಿಕೊಂಡು ಹೋದಳು. ಪೊರಕೆ ತಂದು ಗುಡಿಸಿದೆ. ಆಮೇಲೆ, ಪೊರಕೆ ಕೈಯಲ್ಲಿರುವಾಗಲೇ, ವರ್ಷಗಳಿಂದ ಬರೆದಿಟ್ಟುಕೊಂಡು ಒತ್ತದೇ ಇದ್ದ ನಂಬರಿಗೆ ಮೊಬೈಲಿನಿಂದ ಫೋನು ಮಾಡಿದೆ. ಮೇಷ್ಟ್ರು ಈಗ ವಿಲ್ಸನ್ ಗಾರ್ಡನ್ನಿನಲ್ಲಿ ಮಗಳ ಮನೆಯಲ್ಲಿದ್ದಾರೆ.

"ಅಪ್ಪಂಗೆ ಕಿವಿ ಸ್ವಲ್ಪ ಮಂದ. ಜೋರಾಗಿ ಮಾತಾಡಿ," ಎಂದು ಮಗಳು ಫೋನು ಕೊಟ್ಟರು.

"ಮೇಷ್ಟ್ರೇ, ಆವತ್ತು ನಿಮ್ಮ ಕೈಯಿಂದ ಕುಂಬಳಕಾಯಿ ಕಿತ್ಕೊಂಡಿದ್ದು ನಂದು ತಪ್ಪಾಯ್ತು."

"ಏನು?"

ಜೋರಾಗಿ ಹೇಳಿದೆ. ಎದುರು ಮನೆಯವರು ಗೇಟಿಗೆ ಬಂದರು.

"ಏನಯ್ಯಾ?"

ಮೂರನೆಯ ಸಲ ಇಡೀ ಬೀದಿಗೆ ಕೇಳುವಂತೆ ಕೂಗಿದೆ.

"ಮೊದಲ್ನೇ ಸಲಾನೇ ಕೇಳಿಸ್ತು ಕಣಯ್ಯ," ಎಂದರು ಮೇಷ್ಟ್ರು.